ಟೈ ಕಟ್ಟಿದ ನರಿ

ನಾವು ವಲಸೆ ಬಂದು ನೆಲೆಸಿದ ಕ್ರಾನ್‌ಬರ್ನ್ ಊರಿನ ನಮ್ಮ ಕನ್ನಡ ಸಂಘದ ಕೊಠಡಿಯಲ್ಲಿ ಹಿರಿಯರಿಗೆ ಚಿತ್ರಕಲೆ ಕಲಿಸುತ್ತಿದ್ದ ಜರ್ಮನ್ ಮಹಿಳೆ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಮೊದಲು ಪ್ರಾಣಿಯನ್ನು ನೋಡಿ" ಎನ್ನುತ್ತಿದ್ದರು. ಅವರ ನಾಡಿನ ಚಿತ್ರಕಾರರು ದೊರೆಗಳಿಗೆ ಹೆದರಿ ಮನುಷ್ಯರನ್ನು ಪ್ರಾಣಿಗಳಾಗಿ ಬರೆದರೆಂದು ಓದಿದ್ದೆ, ನಂಬಿರಲಿಲ್ಲ. ಹೆದರಿಯೇ ಹಾಗೆ ಬರೆದರೇ ಎಂದು ಕೇಳಿದೆ.

"ಮನುಷ್ಯನನ್ನೇ ಬರೆದರೆ ಮುಖ ತಿರುಗಿಸುತ್ತಾನೆ. ನರಿಯಾಗಿ ಬರೆದರೆ ಹತ್ತಿರ ಬಂದು ನೋಡುತ್ತಾನೆ" ಎಂದರು.

ಸಂಘದ ಅಧ್ಯಕ್ಷರು ಆ ಕೊಠಡಿಯನ್ನು ತಮ್ಮ ಆಫೀಸಿಗೆ ಕೇಳಿದಾಗ, ಆಕೆ ನಮ್ಮನ್ನು ಕೋಳಿಗಳಾಗಿಯೂ ಅವರನ್ನು ಟೈ ಕಟ್ಟಿಕೊಂಡು ಗೂಡು ಅಳೆಯುವ ನರಿಯಾಗಿಯೂ ಬರೆದು ಬಾಗಿಲಿಗೆ ಅಂಟಿಸಿದರು. ಅಧ್ಯಕ್ಷರು ಹತ್ತಿರ ಬಂದು ನೋಡಿ, ನಗುತ್ತಾ ನನ್ನತ್ತ ತಿರುಗಿದರು.

"ಅಂಕಲ್, ಇದು ನಾನೇ ಅಲ್ವಾ? ಬಾಲ ಸೂಪರ್. ಫ್ರೇಮ್ ಮಾಡಿಸ್ತೀನಿ."

ನಾವೂ ನಕ್ಕೆವು.

ಮುಂದಿನ ತಿಂಗಳು ಚಿತ್ರವು, ನಾವು ಬಿಟ್ಟುಕೊಟ್ಟು ಆಫೀಸಾಗಿದ್ದ ಅದೇ ಕೊಠಡಿಯಲ್ಲಿ, ಅಧ್ಯಕ್ಷರ ಕುರ್ಚಿಯ ಹಿಂದೆ ತೂಗುತ್ತಿತ್ತು. ಆಕೆ ಹತ್ತಿರ ಹೋಗಿ ನೋಡಿದರು.

"ಕೋಳಿಗಳನ್ನು ಸರಿಯಾಗಿಯೇ ಬರೆದಿದ್ದೇನೆ" ಎಂದರು.