ಹೆಂಡತಿಗೆ ಒಂದು ಸಾಲು

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮಗ ಬಬಲೇಶ್ವರಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದವರು ನಾನು ಮತ್ತು ಸೊಸೆ, ಇಬ್ಬರೇ. ಹತ್ತರಿಂದ ಹನ್ನೊಂದು ನನ್ನ ಓದಿನ ಹೊತ್ತು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೂ ಗಂಟೆಯ ಲೆಕ್ಕ ತಪ್ಪಿಸಿಲ್ಲ. ಎಂಬತ್ತು ದಾಟಿದವಳಿಗೆ ಕಥೆ, ಕಾದಂಬರಿ ಅಷ್ಟಾಗಿ ಹಿಡಿಸುವುದಿಲ್ಲ. ನಡೆದದ್ದನ್ನು ಬರೆದ ಪುಸ್ತಕ ಬೇಕು. ಇಂದು ಹಿಡಿದಿದ್ದು ಒಬ್ಬ ನಿವೃತ್ತ ಎಂಜಿನಿಯರರ ಆತ್ಮಕಥೆ. ನಾಲ್ಕು ಪುಟ ಓದಿರಬಹುದು, ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಒಗ್ಗರಣೆಯ ವಾಸನೆ ಬಂತು. ಗಾಣದ ಎಣ್ಣೆ ಈಗ ಅಪರೂಪ, ಯಾರೋ ತಂದುಕೊಟ್ಟದ್ದು. ಆ ವಾಸನೆ ಮೂಗಿಗೆ ತಗಲಿದ್ದೇ ತಡ, ಎಂಜಿನಿಯರರು ಹಿಂದೆ ಸರಿದರು, ಕಾಕು ಎದುರಿಗೆ ಬಂದು ಕುಳಿತರು...

ಅವರು ನನಗೆ ಸಂಬಂಧಿಕರಲ್ಲ. ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ವಾಡೆಯಲ್ಲಿ ನಮ್ಮ ಹಿಂದಿನ ಮನೆಯವರು. ವಾಡೆಯ ಎಲ್ಲರೂ ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದರು, ನಾನೂ ಎಂದೆ. ಆಗ ನಮ್ಮೂರು ವಿಜಾಪುರ. ಎರಡನೆಯ ಮಹಾಯುದ್ಧ ನಡೆದಿತ್ತು; ಸಕ್ಕರೆ, ಸೀಮೆಎಣ್ಣೆ ರೇಶನ್ನಿನಲ್ಲಿ ಸಿಗುತ್ತಿದ್ದವು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಆ ವಾಡೆಗೆ ಸೊಸೆಯಾಗಿ ಬಂದ ಹೊಸತು. ಕಾಕು ಟಿಕೋಟಾದ ಮಗಳು. ಅವರ ಗಂಡ ಕೋರ್ಟಿನಲ್ಲಿ ಕಾರಕೂನ. ಆ ಮನೆಯಲ್ಲಿ ಕಾಕುವಿನ ಅತ್ತೆಯ ಕಟ್ಟಪ್ಪಣೆಯಿತ್ತು: ಹಗಲು ಹೊತ್ತು ಹೆಂಗಸು ತನ್ನಷ್ಟಕ್ಕೆ ಪುಸ್ತಕ ಹಿಡಿದು ಕೂಡಬಾರದು. ನಾಲ್ಕು ಮಂದಿಗೆ ಪುರಾಣ ಓದಿ ಹೇಳಿದರೆ ಪುಣ್ಯ, ಅದಕ್ಕೆ ಅಡ್ಡಿಯಿಲ್ಲ. ಹೀಗಾಗಿ ಮಧ್ಯಾಹ್ನದ ಊಟವಾದ ಮೇಲೆ ವಾಡೆಯ ಒಡತಿ ದೊಡ್ಡವ್ವನ ಪಡಸಾಲೆಯಲ್ಲಿ ಕಾಕು ಓದುತ್ತಿದ್ದ ಒಂದು ತಾಸೇ ಅವರ ಪಾಲಿನ ಓದು. ಅದು ಬಿಟ್ಟರೆ ಬೇರೆ ಇರಲಿಲ್ಲ.

ಆ ವರ್ಷ ಪುರಾಣ ಮುಗಿದಿತ್ತು. ಮತ್ತೆ ಮೊದಲಿನಿಂದ ಹಚ್ಚುವುದರ ಬದಲು ಕಾಕು ಒಂದು ಆತ್ಮಕಥೆಯನ್ನು ಸೆರಗಿನೊಳಗೆ ತಂದರು. ಗಂಡ ಯಾರಿಂದಲೋ ಇಸಿದುಕೊಂಡು ಬಂದದ್ದು. ತಾಲೂಕಿನ ಅಧಿಕಾರಿಯಾಗಿದ್ದ ಒಬ್ಬ ಮಾಮಲೇದಾರರು ತಮ್ಮ ಬದುಕನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿದ್ದರು. ಮೊದಲ ಹಾಳೆಯಲ್ಲಿ ಕೋಟು, ರುಮಾಲಿನ ಫೋಟೋ. ದೊಡ್ಡವ್ವ ರೂಢಿಯಂತೆ ಪುಸ್ತಕಕ್ಕೆ ಕುಂಕುಮ ಹಚ್ಚಿದರು. ಕುಂಕುಮ ಸರಿಯಾಗಿ ಸಾಹೇಬರ ಮೂಗಿನ ಮೇಲೆ ಬಿತ್ತು.

"ಈ ಪುಣ್ಯಾತ್ಮ ಯಾವ ಕಾಲದಾವ ಬೇ?" ಎಂದು ದೊಡ್ಡವ್ವ ಕೇಳಿದರು.

"ಈಗಿನ ಕಾಲದಾವ್ರಿ. ಪಿನ್ಶನ್ ತಗೊಂಡು ಮನ್ಯಾಗ ಕುಂತಾನ."

"ಅಂದ್ರ ಇನ್ನೂ ಬದುಕ್ಯಾನ! ಬದುಕಿದಾವನ ಪುರಾಣ ಮುಗಿಯೂದರ ಹೆಂಗ?"

ತೊಗರಿ ಹಸನು ಮಾಡುತ್ತಿದ್ದ ಹೆಂಗಸರು ಮೊರ ಬಿಟ್ಟು ನಕ್ಕರು. ಕಾಕು ನಗಲಿಲ್ಲ. ಇದರಲ್ಲಿ ದೇವರಿಲ್ಲ, ರಾಕ್ಷಸರಿಲ್ಲ, ಆದದ್ದು ಮಾತ್ರ ಇದೆ ಎಂದು ಬಿಡಿಸಿ ಹೇಳಿದರು. ದೊಡ್ಡವ್ವ ಒಂದು ಕರಾರು ಹಾಕಿದರು.

"ಪುರಾಣಕ್ಕ ನೀ ನಾಕು ಮಾತು ಕೂಡಿಸಿ ಹೇಳಿದ್ರ ನಡೀತದ. ಆದದ್ದು ಅಂತ ಹೇಳಿ ಒಂದ ಒಂದು ಸುಳ್ಳು ಕೂಡಿಸಿದೆಂದ್ರ, ಅವತ್ತಿಗೆ ನಿನ್ನ ಓದು ಬಂದ್. ನೋಡು ಮತ್ತ."

ಕಾಕು ಒಪ್ಪಿಕೊಂಡರು. ಅಡುಗೆ ಮುಗಿಸಿದ ಕೈಯಲ್ಲೇ ಹಾಳೆ ತಿರುವುತ್ತಿದ್ದರು. ಪುಸ್ತಕದ ಮೂಲೆಗಳೆಲ್ಲ ಕುಸುಬಿ ಎಣ್ಣೆ ಹೀರಿ ಪಾರದರ್ಶಕವಾಗಿದ್ದವು. ಓದುವಾಗ ಸಾಲಿನ ಕೆಳಗೆ ಬೆರಳು ಓಡುತ್ತಿತ್ತು. ಅವರ ಹಿಂದೆ ಕುಳಿತಿದ್ದ ನನಗೆ ಬೆರಳೂ ಕಾಣುತ್ತಿತ್ತು, ಅಕ್ಷರವೂ ಕಾಣುತ್ತಿತ್ತು.

ಕೇಳುವವರಿಗೆ ರುಚಿ ಹತ್ತಿತು. ಮಾಮಲೇದಾರರು ಪರೀಕ್ಷೆಯಲ್ಲಿ ನಪಾಸಾದಾಗ ಪಕ್ಕದ ಮನೆಯಾಕೆ ಲೊಚಗುಟ್ಟಿದಳು. ಅವರಿಗೆ ಜ್ವರ ಬಂದ ದಿನ, ನಾಳೆ ಹೇಗಿದ್ದಾರೋ ಎಂದು ದೊಡ್ಡವ್ವ ನಿಜವಾಗಿಯೂ ಚಿಂತೆ ಮಾಡಿದರು. ಜ್ವರ ಬಿಟ್ಟು ಎಷ್ಟೋ ವರ್ಷಗಳಾಗಿರಬೇಕು ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಕಾಕು ಈ ಅರ್ಥದ ಮಾತು ಓದಿದರು: ಅದೇ ವರ್ಷ ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಳು, ಮುಂದಿನ ತಿಂಗಳು ಬಡ್ತಿಯಾಯಿತು, ತಿರುಗಾಟಕ್ಕೆಂದು ಒಂದು ಕುದುರೆ ಕೊಂಡೆ. ಅಲ್ಲಿಂದ ಮುಂದೆ ಕುದುರೆಯ ಬಣ್ಣ, ಅದರ ಮೇವು, ಅದರ ಹೊಟ್ಟೆನೋವು, ಅದಕ್ಕೆ ಇಂಗು ಅಜವಾನ ಕುಡಿಸಿದ್ದು...

"ತಡಿ, ತಡಿ," ಎಂದಳು ಪಕ್ಕದ ಮನೆಯಾಕೆ. "ಹೆಂಡ್ತಿ ಏನಾದಳು?"

"ತೀರಿಕೊಂಡಳು."

"ಅಷ್ಟ? ಕುದರಿಗೆ ಮೂರು ಹಾಳಿ, ಹೆಂಡ್ತಿಗೆ ಒಂದ ಸಾಲು? ಅವನ ಬಾಯಾಗ ಮಣ್ಣ ಹಾಕಲಿ!"

"ಕೂಸು ಉಳೀತೇನು?" ಎಂದು ದೊಡ್ಡವ್ವ ಕೇಳಿದರು. ಕಾಕು ಹಾಳೆ ಹಿಂದೆ ಮುಂದೆ ತಿರುವಿದರು. ಅದನ್ನು ಅವನು ಬರೆದಿರಲಿಲ್ಲ.

ಮರುದಿನ ಕಾಕು ಅದೇ ಹಾಳೆ ತೆರೆದರು. ಓದಿದರು. ಹೆಂಡತಿಗೆ ಹೆರಿಗೆಯಾದ ಮೂರನೆಯ ದಿನ ಮೈ ಕಾದಿತು. ಕೂದಲು ಬಿಡಿಸಿ ಹಣಿಗೆಯಿಂದ ಬಾಚಿರಿ ಎಂದು ಹಟ ಮಾಡಿದಳು. ಕಾಲವಲ್ಲದ ಕಾಲದಲ್ಲಿ ಎಳೆ ಸೌತೆಕಾಯಿ ಬೇಡಿದಳು. ಊರಲ್ಲಿ ಸಿಗಲಿಲ್ಲ, ಬಾವಿ ತೋಟ ಇದ್ದವರನ್ನು ಹುಡುಕಿ ಅರಕೇರಿಗೆ ಆಳನ್ನು ಕಳಿಸಿದರು... ತೊಗರಿಯ ಮೊರಗಳು ನಿಂತಿದ್ದವು. ನಾನು ಮಾತ್ರ ಕಾಕುವಿನ ಬೆರಳು ನೋಡುತ್ತಿದ್ದೆ. ಅದು ಆ ಒಂದು ಸಾಲಿನ ಕೆಳಗೆ ಇಟ್ಟಲ್ಲೇ ಇತ್ತು.

ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಾಳೆ ತಿರುವದೆ ಓದು ಇಷ್ಟು ದೂರ ನಡೆದದ್ದು ಅವರ ಕಣ್ಣಿಗೆ ಬಿತ್ತು.

"ನಿನ್ನಿ ಒಂದ ಸಾಲು ಅಂದಿ. ಇವತ್ತ ಇಷ್ಟು ಎಲ್ಲಿಂದ ಬಂತು?" ನನ್ನ ಕಡೆ ತಿರುಗಿದರು. "ನೀ ಸಾಲಿ ಕಲತಾಕಿ. ಪುಸ್ತಕ ಇಸ್ಕೊಂಡು ನೋಡಿ ಹೇಳು. ಐತೋ ಇಲ್ಲೋ?"

ಪುಸ್ತಕಕ್ಕೆ ಕೈಚಾಚಲೇ, ಬೇಡವೇ ಎಂದು ನಾನು ತಡವರಿಸುವಷ್ಟರಲ್ಲಿ ಕಾಕುವೇ ಅದನ್ನು ಮುಚ್ಚಿ ನೆಲಕ್ಕಿಟ್ಟರು. ಆ ಒಂದು ತಾಸು ಹೋದರೆ ಅವರಿಗೆ ಉಳಿಯುವುದು ಒಲೆ ಮತ್ತು ಅತ್ತೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಆಕೀನ್ಯಾಕ ಕೇಳ್ತೀರಿ ದೊಡ್ಡವ್ವ. ಪುಸ್ತಕದಾಗ ಇಲ್ಲ. ಇದು ಟಿಕೋಟಾದಾಗ ಆಗಿದ್ದು. ನನ್ನ ತಂಗೀದು."

ಮೊರದ ಮೇಲೆ ಕುಳಿತ ಗುಬ್ಬಿಯನ್ನು ಕೂಡ ಯಾರೂ ಓಡಿಸಲಿಲ್ಲ.

"ಇದು ಆಗಿದ್ದು ಹೌದೋ ಅಲ್ಲೋ?" ದೊಡ್ಡವ್ವನ ದನಿ ಗಡುಸಾಗಿಯೇ ಇತ್ತು.

"ಆಗಿದ್ದರಿ. ನನ್ನ ಕಣ್ಣ ಮುಂದ."

"ಸೌತಿಕಾಯಿ ತಂದ್ರೇನು?"

"ತಂದ್ರು. ತಿನ್ನಾಕ ಆಕಿ ಇರಲಿಲ್ಲ."

ದೊಡ್ಡವ್ವ ಎಲೆ ಅಡಿಕೆಯ ಚೀಲ ಬಿಚ್ಚಿದರು, ಹಾಗೇ ಕಟ್ಟಿದರು. ಆಮೇಲೆ ಹೇಳಿದರು: "ಸುಳ್ಳು ಕೂಡಿಸಬ್ಯಾಡ ಅಂದಿದ್ದೆ. ಕೂಡಿಸಿಲ್ಲ ನೀ. ಮುಂದ ಹೇಳು. ಆದ್ರ ಪುಸ್ತಕದ್ದು ಯಾವುದು, ನಿಂದು ಯಾವುದು, ಬ್ಯಾರೆ ಮಾಡಿ ಹೇಳು."

ಅಂದಿನಿಂದ ಓದು ಬೇರೆ ತೆರನಾಯಿತು. ಮಾಮಲೇದಾರರು ಎಲ್ಲಿ ಅವಸರ ಮಾಡಿ ದಾಟುತ್ತಾರೋ ಅಲ್ಲಿ ಕಾಕು ಪುಸ್ತಕ ಮಗುಚಿ ಇಡುತ್ತಿದ್ದರು, ಯಾರಾದರೊಬ್ಬರು ತಮ್ಮದನ್ನು ಹೇಳುತ್ತಿದ್ದರು. ಪಕ್ಕದ ಮನೆಯಾಕೆ ಕಾಖಂಡಕಿಯ ತವರಿನಿಂದ ಅಳುತ್ತ ಬಂದದ್ದು ಹೇಳಿದಳು. ದೊಡ್ಡವ್ವ ತಾವು ಮದುವೆಯಾಗಿ ಬಂದ ದಿನ ಆಡುತ್ತಿದ್ದ ಗಜ್ಜುಗ ಸೊಂಟಕ್ಕೆ ಕಟ್ಟಿಕೊಂಡೇ ಬಂದದ್ದು ಹೇಳಿದರು. ನಾನು ಏನು ಹೇಳಿದೆ, ನೆನಪಿಲ್ಲ. ಹೇಳಲು ನನ್ನ ಬಳಿ ಆಗ ಇನ್ನೂ ಹೆಚ್ಚೇನೂ ಇರಲಿಲ್ಲ.

ಪುಸ್ತಕ ಮುಗಿಯುವ ಮೊದಲೇ ಕಾಕುವಿನ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಸಾಮಾನು ತುಂಬಿದ ಗಾಡಿಯ ಹಿಂದೆ ಕಾಕು ಅತ್ತೆಯ ಕೈ ಹಿಡಿದು ನಡೆದು ಹೋದರು. ಮತ್ತೆ ಕಾಣಲಿಲ್ಲ. ಮಾಮಲೇದಾರರ ಮುಂದಿನ ಬದುಕು ಏನಾಯಿತೆಂದು ನನಗೆ ಇಂದಿಗೂ ತಿಳಿಯದು.

ಆಮೇಲೆ ನಾನು ಶಿಕ್ಷಕಿಯಾದೆ. ಕೈಗೆ ಸಿಕ್ಕ ಆತ್ಮಕಥೆಗಳನ್ನೆಲ್ಲ ಓದಿದೆ. ಬರೆದವನು ಸುಳ್ಳು ಹೇಳಿದ್ದಾನೆಯೇ ಎಂದು ವಿಮರ್ಶಕರು ಹುಡುಕುತ್ತಾರೆ. ನನಗೆ ಬೇರೆ ಕುತೂಹಲ. ಅವನು ಯಾರನ್ನು ಒಂದು ಸಾಲಿನಲ್ಲಿ ದಾಟಿದ? ಮರೆತನೇ, ನಿಲ್ಲಲು ಅಂಜಿದನೇ? ಸಾಲು ಗಿಡ್ಡವಾದಷ್ಟೂ ಅವನಿಗೆ ಅಲ್ಲಿ ಹೆಚ್ಚು ನೋವಾಗಿತ್ತೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಒಮ್ಮೊಮ್ಮೆ, ಇಲ್ಲ, ಅವನಿಗೆ ಕುದುರೆಯೇ ಹೆಚ್ಚಾಗಿತ್ತು ಅನ್ನಿಸುತ್ತದೆ. ಇದನ್ನು ಕಾಕುವಿಗೆ ಕೇಳಬೇಕಿತ್ತು.

ಅವರ ತಂಗಿಗೆ ಒಂದು ಹೆಸರಿತ್ತು. ಆ ಮಧ್ಯಾಹ್ನ ಕಾಕು ಅದನ್ನು ಹೇಳಿದರು, ಒಂದಲ್ಲ ಎರಡು ಸಲ. ಬೆಳಗಿನಿಂದ ಕುಳಿತು ನೆನೆದೆ. ಸೌತೆಕಾಯಿ ನೆನಪಿದೆ, ಹಣಿಗೆ ನೆನಪಿದೆ. ಹೆಸರು ಬರುತ್ತಿಲ್ಲ... ಪಡಸಾಲೆಯಲ್ಲಿ ಕುಳಿತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಇನ್ನು ಕೇಳುವುದು ಯಾರನ್ನು?

ಸಂಜೆಯ ಹೊತ್ತಿಗೆ ಕಾಳು ಆರಿಸುತ್ತಿದ್ದ ಸೊಸೆಯ ಎದುರಿಗೆ ಹೋಗಿ ಕುಳಿತೆ. ಅವಳ ತಾಯಿ ತೀರಿಕೊಂಡ ಸುದ್ದಿ ನನಗೆ ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ.

"ನಿಮ್ಮವ್ವಗ ಏನಾಗಿತ್ತ ಬೇ? ಮೊದಲಿಂದ ಹೇಳು," ಎಂದೆ.

ಅವಳು ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು. "ಈಗ್ಯಾಕ್ರಿ ಅತ್ತಿ? ದೀಪ ಹಚ್ಚೂ ಹೊತ್ತಾತು."

"ಆಗಲಿ," ಎಂದೆ.

ಅವಳು ಹೇಳಿದಳು. ನಡುವೆ ನಾನು ಎರಡು ಸಲ ಪ್ರಶ್ನೆ ಕೇಳಿದೆ, ಒಂದು ಸಲ ನೀರು ತಂದುಕೊಟ್ಟೆ. ತಾಯಿಯ ಹೆಸರು ಕೇಳಿ, ಮೂರು ಸಲ ಬಾಯಲ್ಲಿ ಅಂದುಕೊಂಡೆ. ಇಬ್ಬರೂ ಎದ್ದು ದೀಪ ಹಚ್ಚಿದಾಗ ಎಂಟು ಗಂಟೆ ದಾಟಿತ್ತು.