ಹಿಂಬಾಗಿಲು ಗಾಳಿಗೆ ಮಾತ್ರ

ಮೇಘನಾ, ವಿಹಾನ್,

ಪಕ್ಕದ ಮನೆಯ ಅಜ್ಜಿಯ ಕೊರಳಲ್ಲಿ ಕೆಂಪು ರಿಬ್ಬನ್ನಿಗೆ ಕಟ್ಟಿದ ದಪ್ಪ ಹಿತ್ತಾಳೆಯ ಬೀಗದಕೈ ಯಾವಾಗಲೂ ತೂಗುತ್ತಿತ್ತು. ನಡೆದರೆ ಅಂಗಿಯ ಗುಂಡಿಗೆ ತಾಗಿ ಟಿಣ್ ಎನ್ನುತ್ತಿತ್ತು. ಅದು ಅವರ ಮುಂಬಾಗಿಲಿನದು.

ನಾವು ಹೂಸ್ಟನ್ ಪಕ್ಕದ ಸ್ಟಾಫರ್ಡಿನಿಂದ ಇಲ್ಲಿಗೆ ಬಂದಾಗ ಬೀದಿಯ ಹೊಸ ಮನೆಗಳ ನಡುವೆ ಅವರ ಮನೆಯೊಂದೇ ಹಳೆಯದು. ಇಟ್ಟಿಗೆಯ ಕಂಬಗಳ ಮೇಲೆ ನೆಲದಿಂದ ಎತ್ತರಿಸಿ ಕಟ್ಟಿದ ಮರದ ಮನೆ, ಸುತ್ತಲೂ ಜಗಲಿ, ಮುಂಬಾಗಿಲಿಗೆ ನೇರವಾಗಿ ಹಿಂಬಾಗಿಲು. ಎರಡನ್ನೂ ತೆರೆದಿಟ್ಟರೆ ನಡುವಿನ ಪಡಸಾಲೆಯಲ್ಲಿ ಹೂಸ್ಟನ್ನಿನ ಸೆಕೆಯೂ ಸೋಲುತ್ತಿತ್ತು.

ಮೊದಲ ಸಲ ನಾನು ಕೋಸಂಬರಿ ಹಿಡಿದು ಹಿತ್ತಲಿನಿಂದ ಹೋದೆ. ಮುಂದಿನಿಂದ ಹೋಗಲು ಸಂಕೋಚ. ಹಿಂಬಾಗಿಲ ಜಾಲರಿಯ ಆಚೆಯಿಂದಲೇ ಅವರು ತಲೆಯಾಡಿಸಿದರು: “ಫ್ರಂಟ್ ಡೋರ್, ಹನಿ!”

ನನ್ನ ಮುಖ ಸಣ್ಣದಾಯಿತು. ನನಗೆ ಇಂಗ್ಲಿಷ್ ಅಷ್ಟು ಬಾರದು; ಮೇಘನಾ, ನೀನೇ ಅವರನ್ನು ಕೇಳಿ ಬಂದು ಹೇಳಿದೆ: “ಅಜ್ಜಿ, ಬ್ಯಾಕ್ ಡೋರ್ ಗಾಳಿಗೆ ಮಾತ್ರ ಅಂತೆ. ಜನ ಎಲ್ಲಾ ಮುಂದಿಂದ್ಲೇ ಬರ್ಬೇಕಂತೆ.”

ಕಾರಣ ಆಮೇಲೆ ತಿಳಿಯಿತು. ಬೆಂಕಿಯ ಭಯಕ್ಕೆ ಆ ಮನೆಯ ಅಡುಗೆಕೋಣೆಯನ್ನು ಹಿತ್ತಲಲ್ಲಿ ಬೇರೆಯಾಗಿ ಕಟ್ಟಿದ್ದರು. ಅವರ ಮುತ್ತಜ್ಜಿ ಅಲ್ಲಿ ಬಿಳಿಯರ ಗುಲಾಮಳಾಗಿ ಬೇಯಿಸಿ, ಹಿಂಬಾಗಿಲಿನಿಂದ ಊಟ ಒಯ್ದು, ಹಿಂಬಾಗಿಲಿನಿಂದಲೇ ಮರಳುತ್ತಿದ್ದಳಂತೆ. ಮರಿಮಗಳಾದ ಇವರು ನರ್ಸ್ ಆಗಿ ದುಡಿದು ಅದೇ ಮನೆಯನ್ನು ಕೊಂಡು, ಬೀಗದಕೈಯನ್ನು ಕೊರಳಿಗೆ ಹಾಕಿಕೊಂಡರು.

ವಿಹಾನ್, ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮನ ಸೀಮಂತಕ್ಕೆ ಅವರೂ ಬಂದಿದ್ದರು. ನಿಮ್ಮ ತಾತ ಹೋಗಿ ಆಗಷ್ಟೇ ವರ್ಷ ಕಳೆದಿತ್ತು. ಗಂಡನಿಲ್ಲದವಳು ಶುಭಕಾರ್ಯದಲ್ಲಿ ಮುಂದೆ ಬರಬಾರದೆಂದು ಕೇಳುತ್ತಾ ಬೆಳೆದವಳು ನಾನು; ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಾ ಉಳಿದೆ. ಬೆನ್ನ ಹಿಂದೆ ಟಿಣ್ ಎಂದಿತು.

“ಅಜ್ಜಿ, ನಿಮಗೆ ಇಲ್ಲೇ ಇರಿ ಅಂದಿದ್ದು ಯಾರು ಅಂತ ಕೇಳ್ತಿದ್ದಾರೆ,” ಎಂದೆ ನೀನು, ಮೇಘನಾ.

“ಯಾರೂ ಇಲ್ಲ ಪುಟ್ಟಿ, ನಾನೇ.”

ನೀನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಅವರು ಒಲೆ ಆರಿಸಿದರು. ಹಿಟ್ಟು ಮೆತ್ತಿದ ನನ್ನ ಕೈ ಹಿಡಿದು, ಈ ಸಲ ಮೆಲ್ಲಗೆ, “ಫ್ರಂಟ್ ಡೋರ್, ಹನಿ,” ಎಂದರು.

ಮುಂದಿನ ಕೋಣೆಯಲ್ಲಿ ನಿಮ್ಮಮ್ಮ ಬರಿಗೈ ಚಾಚಿ ಕೂತಿದ್ದಳು. “ಎಲ್ಲಿ ಹೋಗಿದ್ರಿ ಅತ್ತೆ? ಮೊದಲ್ನೇ ಬಳೆ ನೀವೇ ತೊಡಿಸ್ಬೇಕು ಅಂತ ಕಾಯ್ತಾ ಇದ್ದೀನಿ. ಕೈ ಸೋತು ಹೋಯ್ತು!”

ಆ ಅಜ್ಜಿ ಹೋದ ವಸಂತದಲ್ಲಿ ತೀರಿಕೊಂಡರು. ನಾನು ಮೊಸರನ್ನದ ಪಾತ್ರೆ ಹಿಡಿದು ಹೊರಟೆ. ಸಂಕಟದಲ್ಲಿ ಕಾಲು ತಾನಾಗಿ ಹಿತ್ತಲ ಕಡೆಗೆ ತಿರುಗಿತು. ನಿಂತೆ. ಸುತ್ತಿ ಬಂದು ಮುಂದಿನ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಅವರ ಮಗಳ ಕೊರಳಲ್ಲಿ ಆ ಬೀಗದಕೈ ಇತ್ತು.

ಮಕ್ಕಳೇ, ನಿಮಗೆ ಕನ್ನಡ ಓದುವುದು ನಿಧಾನ, ಪರವಾಗಿಲ್ಲ. ಈ ಹಾಳೆಗಳನ್ನು ಮಾತ್ರ ಜೋಪಾನ ಮಾಡಿ. ಗ್ಯಾರೇಜಿನ ಡಬ್ಬಕ್ಕೆ ಹಾಕಬೇಡಿ, ಮುಂದಿನ ಕೋಣೆಯಲ್ಲೇ ಇಡಿ.