ಎರಡೂ ಕಡೆ ಅಷ್ಟೇ ಇವೆಯಾ?

ಮಡಗಾಂವಿನ ಎವರಿಸ್ಟೊ ಕುಲಾಸೊ ಬೆಳಗ್ಗೆ ಎದ್ದು ಶಿಲುಬೆಯ ಗುರುತು ಹಾಕಿಕೊಂಡವರೇ ನೋಡುವುದು ಒಂದನ್ನೇ: ಹಜಾರದ ಕಂಪ್ಯೂಟರಿನಲ್ಲಿರುವ ನಲವತ್ತೊಂದು ಸಾವಿರ ಹಾಡುಗಳು ಒಳಕೋಣೆಯ ಕಂಪ್ಯೂಟರಿನಲ್ಲೂ ಅಷ್ಟೇ ಇವೆಯೇ ಎಂದು. ಒಂದು ಹಾಡು ಹೆಚ್ಚುಕಮ್ಮಿಯಾದರೂ ಪಾವ್ ಗಂಟಲಲ್ಲಿ ಇಳಿಯುವುದಿಲ್ಲ. ಹಿಂದೊಮ್ಮೆ ಹಜಾರದ್ದರಲ್ಲಿ ಕೈತಪ್ಪಿ ಅಳಿಸಿದ ಹನ್ನೆರಡು ಹಳೇ ಕೊಂಕಣಿ ಮಾಂಡೊ ಹಾಡುಗಳು, ಆಗ ಎರಡನ್ನೂ ಜೋಡಿಸಿದ್ದರಿಂದ, ತಾವಾಗಿಯೇ ಒಳಕೋಣೆಯದರಲ್ಲೂ ಅಳಿಸಿಹೋದವು. ಅಂದೇ ಆ ಜೋಡಣೆ ತೆಗೆಸಿದರು; ಅಂದಿನಿಂದ ಈ ಭಯ, ದಿನಾ ಈ ತಾಳೆ ನೋಡುವುದು. ಮೋಡ ಗುಡುಗಿದರೆ ಎರಡರ ವೈರನ್ನೂ ಕಿತ್ತು ಜಪಮಾಲೆ ಹಿಡಿದು ಕೂರುತ್ತಾರೆ. ಹಾಡು ಕೇಳುವುದಂತೂ ಇಲ್ಲವೇ ಇಲ್ಲ. ಕೇಳಿದರೆ ಆ ಕಂಪ್ಯೂಟರಿನಲ್ಲಿ ಹಾಡಿನ ಪಕ್ಕ ಇರುವ, ಕಡೆಯ ಸಲ ಕೇಳಿದ ತಾರೀಖು ಬದಲಾಗಿ ಇನ್ನೊಂದರ ಜೊತೆ ತಾಳೆಯಾಗದು. "ಹಾಡನ್ನೂ ಉಪ್ಪಿನಕಾಯಿ ಹಾಕಿಟ್ಟಿದ್ದೀಯಾ, ಎವರಿಸ್ಟ್?" ಎಂದು ಹೆಂಡತಿ ಪಿಯೆದಾದ್ ಅಣಕಿಸುತ್ತಾಳೆ. ಎವರಿಸ್ಟೊರ ತಾಯಿ ತೀರಿಕೊಂಡು ವರ್ಷ ತುಂಬಿದ ದಿನ ಪಿಯೆದಾದ್ ಚರ್ಚಿನಿಂದ ಬಂದವಳೇ, ಅತ್ತೆ ಯಾರದೋ ಮದುವೆಯಲ್ಲಿ ಹಾಡಿದ್ದನ್ನು ಹಜಾರದ ಕಂಪ್ಯೂಟರಿನಲ್ಲಿ ಹುಡುಕಿ ಒತ್ತಿಯೇಬಿಟ್ಟಳು. "ಬೇಡ ಕಣೇ, ತಾರೀಖು!" ಎಂದು ಓಡಿಬಂದ ಎವರಿಸ್ಟೊ, ಅಮ್ಮನ ದನಿ ಕೇಳಿ ಬಾಗಿಲಲ್ಲೇ ನಿಂತರು. ಮೂರು ನಿಮಿಷಕ್ಕೆ ಹಾಡು ಮುಗಿಯಿತು. ಅವರು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತು, "ಹೇಗೂ ತಾರೀಖು ಕೆಟ್ಟಿತಲ್ಲ, ಇನ್ನೊಂದ್ಸಲ ಹಾಕು," ಎಂದರು.